ವಾರಗಿತ್ತಿ ಆರಿಸಿದ ಗುಡ್ಡ

ಗಾಳಿಯಂತ್ರಗಳಿಗೆ ಜಾಗ ಹುಡುಕುವ ತನ್ನ ಕಚೇರಿಗೆ ವಾರಗಿತ್ತಿಯನ್ನು ಸೇರಿಸಿದವಳು ಹಿರಿಸೊಸೆಯೇ. ಮೈದುನನ ಹೆಂಡತಿ ಇಷ್ಟು ಓದಿಕೊಂಡು ಮನೆಯಲ್ಲಿ ಸುಮ್ಮನೆ ಕೂತಿದ್ದಾಳಲ್ಲ ಎಂದು ತಾನೇ ಮೇಲಧಿಕಾರಿಯ ಕಿವಿಗೆ ಹಾಕಿದ್ದಳು. ಕಂಪ್ಯೂಟರಿನ ನಕ್ಷೆಯಲ್ಲಿ ಗಾಳಿಯ ವೇಗಕ್ಕೊಂದು ಪದರ, ಇಳಿಜಾರಿಗೊಂದು, ರಸ್ತೆಗೊಂದು, ವಿದ್ಯುತ್ ತಂತಿಗೊಂದು ಎಂದು ಒಂದರ ಮೇಲೊಂದು ಹಾಸಿ, ಎಲ್ಲಕ್ಕೂ ಒಗ್ಗುವ ಜಾಗವನ್ನು ಹೆಕ್ಕುವುದನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವಳೂ ಅವಳೇ.

ವರ್ಷ ತುಂಬುವುದರೊಳಗೆ ಕಿರಿಯವಳು ಆರಿಸಿದ ಗುಡ್ಡವನ್ನು ಮೇಲಧಿಕಾರಿ ಕೊಂಡಾಡತೊಡಗಿದ. ಹಿರಿಯವಳು ಆರಿಸಿದ್ದ ಬಯಲು ಮೂಲೆಗೆ ಬಿತ್ತು. ಕಚೇರಿಯದ್ದು ಕಚೇರಿಯಲ್ಲೇ ಮುಗಿದಿದ್ದರೆ ಹೇಗೋ ಸಹಿಸುತ್ತಿದ್ದಳು. ಮನೆಯಲ್ಲೂ ಅದೇ ಮಾತು. ಅತ್ತೆಯಂತೂ ಆ ಗುಡ್ಡವನ್ನು ತಾವೇ ಹೆತ್ತು ಸಾಕಿದವರ ಹಾಗೆ ಪಕ್ಕದ ಮನೆಯವರ ಮುಂದೆ ಬಣ್ಣಿಸುತ್ತಿದ್ದರು. ಹಿರಿಯವಳು ಒಳಗೊಳಗೇ ಕುದಿಯುತ್ತಾ ಪಾತ್ರೆಗಳನ್ನು ಕುಕ್ಕುತ್ತಿದ್ದಳು.

ಒಂದು ಮಧ್ಯಾಹ್ನ, ತಪ್ಪು ಸಿಕ್ಕೀತೇ ಎಂದೇ ವಾರಗಿತ್ತಿಯ ನಕ್ಷೆ ತೆರೆದಳು. ಸಿಕ್ಕಿತು. ಮನೆಗಳ ಪದರ ಹಳೆಯ ಉಪಗ್ರಹ ಚಿತ್ರದ್ದು. ಹೊಸ ಚಿತ್ರ ನೋಡಿದರೆ ಗುಡ್ಡದ ಬುಡದಲ್ಲೇ ಒಂದು ಸಾಲು ಮನೆಗಳು ಎದ್ದಿವೆ. ಅಷ್ಟು ಹತ್ತಿರ ಯಂತ್ರ ನಿಲ್ಲಿಸಿದರೆ ರೆಕ್ಕೆಗಳ ಸದ್ದಿಗೆ ಅಲ್ಲಿನವರು ಕಣ್ಣು ಮುಚ್ಚುವಂತಿಲ್ಲ. ಹಿರಿಯವಳ ಹೊಟ್ಟೆ ತಣ್ಣಗಾಯಿತು. ಜಾಗ ಅಂತಿಮಗೊಳಿಸುವ ಸಭೆಯ ದಿನ ಎಲ್ಲರೆದುರಿಗೆ ಹೇಳಿದರಾಯಿತೆಂದು ಬಾಯಿಗೆ ಬೀಗ ಹಾಕಿಕೊಂಡಳು.

ಸಭೆಯಲ್ಲಿ ಹೇಳಿಯೂ ಬಿಟ್ಟಳು. ಕಿರಿಯವಳು ಕುರ್ಚಿಯಿಂದೆದ್ದಳು. ಗೋಡೆಯ ಮೇಲೆ ಮೂಡಿದ್ದ ಚಿತ್ರದ ಹತ್ತಿರ ಹೋಗಿ ಆ ಮನೆಗಳನ್ನು ದಿಟ್ಟಿಸಿದಳು.

"ಅಕ್ಕ ಹೇಳಿದ್ದು ಸರಿ ಸಾರ್, ತಪ್ಪು ನನ್ನದೇ," ಎಂದಳು. "ಯಂತ್ರಗಳನ್ನ ಗುಡ್ಡದ ಆಚೆ ಬದಿಗೆ ಸರಿಸಬಹುದು. ಅಕ್ಕನೂ ಜೊತೆಗಿದ್ರೆ ಬೇಗ ಆಗುತ್ತೆ."

ಮೇಲಧಿಕಾರಿ ಇಬ್ಬರನ್ನೂ ಹೊಗಳಿದ. ಹಿರಿಯವಳಿಗೆ ಅದೂ ಸಹಿಸಲಾಗಲಿಲ್ಲ. ಅವಳು ಕಾದಿದ್ದದ್ದು ಜಗಳಕ್ಕೆ.

ಮನೆಗೆ ಹೋಗುವ ಬಸ್ಸಿನಲ್ಲಿ ಕಿರಿಯವಳು ಮೆಲ್ಲಗೆ ಕೇಳಿದಳು. "ಅಕ್ಕಾ, ನಿಮಗೆ ಇದು ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಹೇಳೋಕೆ ಮನಸ್ಸು ಬರಲಿಲ್ಲ. ನಿನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ ಕಣೆ."

ಕಿರಿಯವಳು ಕಿಟಕಿಯ ಕಡೆ ತಿರುಗಿದಳು. ಆಮೇಲೆ, "ಕೆಲಸ ಸಿಗೋ ಮೊದಲು, ನೀವು ಬೆಳಗ್ಗೆ ಬ್ಯಾಗ್ ಹಾಕ್ಕೊಂಡು ಹೊರಟಾಗಲೆಲ್ಲ ನನಗೂ ಹೀಗೇ ಉರೀತಿತ್ತು," ಎಂದಳು.

ಹಿರಿಯವಳು ವಾರಗಿತ್ತಿಯ ತೊಡೆಯಿಂದ ಜಾರುತ್ತಿದ್ದ ಚೀಲವನ್ನು ಹಿಡಿದು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಗುಡ್ಡದ ಆಚೆ ಬದಿಯ ಜಾಗವನ್ನು ಇಬ್ಬರೂ ಸೇರಿಯೇ ಗುರುತಿಸಿದರು. ಯಂತ್ರಗಳು ತಿರುಗತೊಡಗಿದ ದಿನ ಮೇಲಧಿಕಾರಿ ವೇದಿಕೆಗೆ ಮೊದಲು ಕರೆದದ್ದು ಕಿರಿಯವಳನ್ನು. ಹಿರಿಯವಳ ಎದೆಯಲ್ಲಿ ಮತ್ತೆ ಚುರ್ ಎಂದಿತು. ಆದರೂ ಚಪ್ಪಾಳೆ ತಟ್ಟಿದಳು.