ಹೆಡ್ ಮೇಡಂ ಅವರ ಸೈಲೆನ್ಸರ್

ಮೂಡುಬಿದಿರೆಯ ನನ್ನ ವರ್ಕ್‌ಶಾಪಿನಲ್ಲಿ ಕ್ರೂಸರ್ ಬೈಕುಗಳಿಗೆ ಸೈಲೆನ್ಸರ್ ಮಾಡಿಕೊಡುತ್ತೇನೆ. ಬರುವವರೆಲ್ಲ ಕೇಳುವುದು ಗುಡುಗಿನಂಥ ಸದ್ದನ್ನೇ. ವೇಣೂರು ಕಡೆಯ ಶಾಲೆಯೊಂದರ ಹೆಡ್ ಮೇಡಂ ಮಾತ್ರ, "ನನ್ನ ಬೈಕ್ ಬಂದದ್ದು ಯಾರಿಗೂ ಗೊತ್ತಾಗಬಾರದು. ಹಾಗೆ ಮಾಡ್ಲಿಕ್ಕೆ ಆಗ್ತದಾ?" ಎಂದರು.

ನನಗೂ ಹಠ ಬಂತು. ಪೈಪಿನ ಒಳಗಿನ ತೂತು, ಸದ್ದು ಹೀರುವ ಗಾಜಿನ ಉಣ್ಣೆ ಎಲ್ಲ ಬದಲಿಸಿ ಹೊಸ ಸೈಲೆನ್ಸರ್ ಕೂರಿಸಿದೆ. ಮೇಡಂ ಒಂದು ರೌಂಡ್ ಓಡಿಸಿ ನೋಡಲು ಹೋದರು.

ಅವರು ಅತ್ತ ಹೋದದ್ದೇ, ಇತ್ತ ಅವರ ಶಾಲೆಯ ಗಣಿತದ ಮಾಸ್ಟ್ರು ಬೆವರೊರೆಸುತ್ತಾ ಬಂದರು.

"ಮೇಡಂ ಬೆಳ್ತಂಗಡಿಗೆ ಮೀಟಿಂಗಿಗೆ ಹೋಗಿದ್ದಾರೆ, ಅದಕ್ಕೇ ಬಂದೆ. ಅವರ ಬೈಕಿಗೆ ಸದ್ದಿಲ್ಲದ ಸೈಲೆನ್ಸರ್ ಮಾಡ್ತಿದ್ದೀರಂತೆ, ಸ್ವಲ್ಪವಾದರೂ ಸದ್ದು ಇಡಿ ಮಾರಾಯ್ರೆ. ಸೇತುವೆ ಹತ್ತಿರ ಅವರ ಬೈಕ್ ಕೇಳಿದ ಕೂಡ್ಲೇ ನಾವು ಚಾ ಬಿಟ್ಟು ಕ್ಲಾಸಿಗೆ ಓಡ್ತೇವೆ. ಇನ್ನು ನಮ್ಮ ಗತಿ ಎಂತ?"

ನಾನು ಕೆಮ್ಮಿದೆ, ಕಣ್ಣು ಮಿಟುಕಿಸಿದೆ. ಅವರಿಗೆ ಅರ್ಥವಾಗಲಿಲ್ಲ. ಅವರ ಬೆನ್ನ ಹಿಂದೆಯೇ ಬೈಕ್ ಬಂದು ನಿಂತಿತ್ತು, ಎಂಜಿನ್ ಇನ್ನೂ ಓಡುತ್ತಿತ್ತು.

"ಈಗ ನಿಮಗೆ ಯಾವ ಕ್ಲಾಸ್ ಉಂಟು ಮಾಸ್ಟ್ರೇ?" ಮೇಡಂ ಮೆಲ್ಲಗೆ ಕೇಳಿದರು. ಮಾಸ್ಟ್ರು ವಾಚ್ ನೋಡಿಕೊಂಡರು.

"ಹಿಂದೆ ಕೂತ್ಕೊಳ್ಳಿ, ಒಟ್ಟಿಗೇ ಹೋಗುವ."

ವೇಣೂರು ಮುಟ್ಟುವವರೆಗೆ ಮಾಸ್ಟ್ರಿಗಿಂತ ನನ್ನ ಸೈಲೆನ್ಸರೇ ಹೆಚ್ಚು ಮಾತಾಡಿರಬೇಕು.