ಟಾವೆಲ್ಲಿನ ಕೆಳಗೆ ಎರಡು ಕೈ

ಹೋದ ವಾರ ಇಳಕಲ್‌ಗೆ ಹೋಗಿದ್ದೆ. ಅಂಗಡಿಯಾತ ಸೀರೆಯೊಂದರ ಕೆಂಪು ಸೆರಗನ್ನು ಬಿಚ್ಚಿ ನನ್ನ ಕೈಮೇಲೆ ಹರಡಿದ, ಬಣ್ಣ ನೋಡಲಿ ಅಂತ. ನಾನು ಬಣ್ಣ ನೋಡಲಿಲ್ಲ. ಸೆರಗಿನ ಕೆಳಗೆ ಮುಚ್ಚಿಹೋದ ನನ್ನ ಬೆರಳುಗಳು ಇನ್ನೊಂದು ಕೈಯನ್ನು ಹುಡುಕುತ್ತಿದ್ದವು... "ಯಾಕ್ರೀ ಅಕ್ಕಾರ, ಮನಸಿಗೆ ಬರಲಿಲ್ಲೇನು?" ಅಂದ ಆತ. ಅವನಿಗೆ ಏನಂತ ಹೇಳಲಿ? ನಮ್ಮ ದಲ್ಲಾಳಿ ಕಾಕಾ ನೆನಪಾಗಿದ್ದರು.

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಹಳೇ ಬಾಗಲಕೋಟೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗಿ ಎಲ್ಲರೂ ನವನಗರಕ್ಕೆ ಬಂದಾಗ ಗೋಡೆ ಬೇರೆಯಾಯಿತು, ಓಣಿ ಒಂದೇ ಉಳಿಯಿತು. ಅವರ ಹಬ್ಬಕ್ಕೆ ಅತ್ತಿಂದ ಸುರಕುಂಬಾ ಪಾಯಸ ಬರುತ್ತಿತ್ತು, ಪಂಚಮಿಗೆ ಇತ್ತಿಂದ ಉಂಡಿ ಹೋಗುತ್ತಿತ್ತು. ಅವರು ಎತ್ತಿನ ಸಂತೆಯ ದಲ್ಲಾಳಿ. ಸಂತೆಯಲ್ಲಿ ಎತ್ತುಗಳು ಕಡಿಮೆಯಾದಂತೆ ಟ್ರ್ಯಾಕ್ಟರು, ಟಂಟಂ, ಹಳೇ ಪಿಕಪ್ಪುಗಳ ವ್ಯವಹಾರಕ್ಕೆ ಇಳಿದರು. ಹೆಗಲ ಮೇಲಿನ ಟಾವೆಲ್ ಮಾತ್ರ ಇಳಿಯಲಿಲ್ಲ.

ಎತ್ತಿನ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಟಾವೆಲ್ಲಿನ ಕೆಳಗೆ ದಲ್ಲಾಳಿ ಮಾರುವವನ ಬೆರಳು ಹಿಡಿದು ಅವನ ದರ ತಿಳಿಯುತ್ತಾನೆ, ಆಮೇಲೆ ಕೊಳ್ಳುವವನ ಬೆರಳು ಹಿಡಿದು ಇವನ ದರ. ಸುತ್ತ ಸಂತೆಯೇ ನೆರೆದಿದ್ದರೂ ಒಬ್ಬರಿಗೂ ಸುಳಿವು ಹತ್ತದು. ಮಾರುವವನ ಕೈಗೂ ಕೊಳ್ಳುವವನ ಕೈಗೂ ನಡುವೆ ಯಾವಾಗಲೂ ದಲ್ಲಾಳಿಯ ಕೈ. "ಆ ಎರಡೂ ಕೈ ತಾವತಾವ ಕೂಡಿದ್ವು ಅಂದ್ರ ನಮ್ಮ ಹೊಟ್ಟಿಗೆ ತಣ್ಣೀರ ಬಟ್ಟಿ ನೋಡವಾ" ಎಂದು ನಗುತ್ತಿದ್ದರು. ನಾನು ಲಂಗ ತೊಡುವ ವಯಸ್ಸಿನಲ್ಲೇ ಆ ಬೆರಳಿನ ಲೆಕ್ಕವನ್ನು ನನಗೆ ಆಟವಾಡಿಸುತ್ತ ಕಲಿಸಿದ್ದರು. ಮೊದಲ ಹಿಡಿತಕ್ಕೆ ಲಕ್ಷ, ಎರಡನೆಯ ಹಿಡಿತಕ್ಕೆ ಹತ್ತುಸಾವಿರ. ಹಿಡಿದಷ್ಟು ಬೆರಳು, ಅಷ್ಟು ದರ.

ಕೆಲವು ವರ್ಷಗಳ ಹಿಂದೆ ನಾನು ಓಣಿಯ ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ರೊಟ್ಟಿ ಬಡಿದು ಮಾರುತ್ತಿದ್ದೆ. ಬಾದಾಮಿಯ ಒಂದು ವಸತಿಗೃಹದವರು ದಿನವೂ ರೊಟ್ಟಿ ಬೇಕೆಂದರು, ಸ್ವಂತ ಗಾಡಿ ಇದ್ದರೆ ಮಾತ್ರ. ಕಾಕಾನಿಗೆ ಹೇಳಿದೆ. ವಾರದೊಳಗೆ ಹುನಗುಂದದಲ್ಲಿ ಒಂದು ಪಿಕಪ್ ಗೊತ್ತುಮಾಡಿದರು. ಓಡಿಸುತ್ತಿದ್ದಾತ ತೀರಿಕೊಂಡಿದ್ದ. ಗಾಡಿ ಹೆಂಡತಿಯ ಹೆಸರಿಗಿತ್ತು. ವ್ಯವಹಾರಕ್ಕೆ ನಿಂತವನು ಆಕೆಯ ಮೈದುನ.

ಹಳೇ ಗಾಡಿಗಳ ದರ ತೋರಿಸುವ ಎರಡು ಆ್ಯಪ್‌ಗಳನ್ನು ಫೋನಿಗೆ ಹಾಕಿಕೊಂಡು ನಾನು ಎರಡು ದಿನ ಅದರಲ್ಲೇ ಮುಳುಗಿದೆ. ಅದೇ ಗಾಡಿ, ಅದೇ ವರ್ಷ, ಅದೇ ಕಿಲೋಮೀಟರು. ಒಂದು ಮೂರು ಲಕ್ಷ ತೊಂಬತ್ತು ಸಾವಿರ ಅಂದಿತು, ಇನ್ನೊಂದು ಮೂರು ಹತ್ತು. ಕಾಕಾ ಇಣುಕಿ ನೋಡಿ, "ಎರಡೂ ಕುಡದಾವೇನ ಬೇಟಾ?" ಅಂದರು. ಕುಡಿದಿರಲಿಲ್ಲ. ಮೊದಲನೆಯದು ಅಂಗಡಿಯವರು ರಿಪೇರಿ ಮಾಡಿ ಮಾರುವ ದರ. ಎರಡನೆಯದು ಅವರೇ ನಮ್ಮ ಕೈಯಿಂದ ಕೊಳ್ಳುವ ದರ. ನ್ಯಾಯದ ಬೆಲೆ ಅವೆರಡರ ನಡುವೆ ಎಲ್ಲೋ ಇರಬೇಕು. ಇನ್ನೂ ಒಂದು ಕಂಡುಕೊಂಡೆ: ಗಾಡಿಯ ಸ್ಥಿತಿ 'ಚೆನ್ನಾಗಿದೆ' ಅನ್ನುವಲ್ಲಿ 'ಕೆಟ್ಟಿದೆ' ಎಂದು ಒತ್ತಿದರೆ ಎರಡನೆಯ ಆ್ಯಪ್ ಎರಡು ಎಪ್ಪತ್ತಕ್ಕೆ ಇಳಿಯುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಮೈದುನನ ಫೋನು ಬಂತು. "ಅಕ್ಕಾರ, ಮೂರು ಮೂವತ್ತಕ್ಕ ಮುಗಸೂನು. ಆದ್ರ ನಮ್ಮ ವೈನಿ ಮುಂದ ಎರಡು ಎಪ್ಪತ್ತು ಅನ್ರಿ. ಉಳದದ್ದು ನನ್ನ ಕೈಯಾಗ ಬ್ಯಾರೆ ಕೊಡ್ರಿ. ಕಾಕಾಗೂ ಅದರಾಗ ಪಾಲು ಐತಿ."

ಸ್ವಂತ ಅತ್ತಿಗೆಗೇ ಮೋಸ. ನಾನು ಉತ್ತರ ಕೊಡುವ ಮೊದಲೇ ಆತ ಫೋನು ಇಟ್ಟ. ಬಸ್ಸಿನಲ್ಲಿ ಕಾಕಾನಿಗೆ ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿದರು. "ಅದು ಅವರ ಮನಿ ಮಾತವಾ. ದಲ್ಲಾಳಿಗೆ ಎರಡು ಕಿವಿ, ಒಂದು ಬಾಯಿ. ಬಾಯಿಗೆ ಕೀಲಿ."

"ಆಕಿ ಗಾಡಿ, ಕಾಕಾ."

"ಬಾಯಿ ಬಿಟ್ರ ಅವ ಗಾಡಿ ಕೊಡಾಂಗಿಲ್ಲ. ಆಮ್ಯಾಲ ಯಾರಿಗೋ ಎರಡು ಎಪ್ಪತ್ತಕ್ಕ ಕೊಡಸ್ತಾನ. ಆಕಿಗೂ ಇಲ್ಲ, ನಿನಗೂ ಇಲ್ಲ. ತಿಳೀತೇನು?"

ತಿಳಿದಿತ್ತು. ಅದಕ್ಕೇ ಹುನಗುಂದ ಬರುವ ತನಕ ಆ ಎರಡೂ ಆ್ಯಪ್‌ಗಳನ್ನು ತೆಗೆಯುತ್ತ ಮುಚ್ಚುತ್ತ ಕೂತಿದ್ದೆ.

ಗಾಡಿ ಮನೆಯ ಮುಂದೆ ನಿಂತಿತ್ತು. ಗಾಡಿಯ ಒಡತಿಯೇ ತೊಳೆದಿದ್ದಳು, ಸೀರೆಯ ಅಂಚು ಇನ್ನೂ ಒದ್ದೆ. ಕಾಕಾ ಬಾನೆಟ್ ಎತ್ತಿದರು, ಎಣ್ಣೆ ನೋಡಿದರು, ಒಂದು ಸುತ್ತು ಓಡಿಸಿ ಬಂದರು. ಗಾಡಿ ಗಟ್ಟಿಯಾಗಿತ್ತು. ಮೈದುನ ಮೀಸೆಯಲ್ಲಿ ನಗುತ್ತ ಚಹಾ ತರಿಸಿದ. ಆಕೆ ಬಾಗಿಲ ಬದಿಗೆ ಕೂತು ಮೆಲ್ಲಗೆ ಹೇಳಿದಳು: "ಎರಡು ಎಪ್ಪತ್ತಕ್ಕಿಂತ ಹೆಚ್ಚ ಬರಂಗಿಲ್ಲಂತಲ್ರಿ? ಮೈದುನಾರು ಫೋನಿನಾಗ ತೋರಸ್ಯಾರ. ಆದ್ರ ನಮ್ಮವರು ದಿನಾ ಒರಸಿ ಇಟ್ಟಿದ್ರು ಗಾಡೀನ..."

ಕಾಕಾ ಬಟ್ಟಲು ಕೆಳಗಿಟ್ಟರು. "ನಿನ್ನ ತವರು ಯಾವುದವಾ?"

"ತುಳಸಿಗೇರಿ ಹತ್ರರಿ." ತಂದೆಯ ಹೆಸರು ಹೇಳಿದಳು.

"ಬಿಳಿ ಹೋರಿ ಕಟ್ಟತಿದ್ರಲ್ಲ, ಅವರ ಮಗಳಾ?" ಕಾಕಾ ಗುರುತು ಹಿಡಿದರು. "ಅಪ್ಪನ ಜೋಡಿ ಸಂತಿಗೆ ಬರತಿದ್ದಿ. ಬುತ್ತಿ ಗಂಟು ಹಿಡಕೊಂಡು."

"ಹೌದ್ರಿ."

ಹೆಗಲ ಮೇಲಿನ ಟಾವೆಲ್ ತೆಗೆದು ಝಾಡಿಸಿದರು. "ಹಂಗಾದ್ರ ಸಂತಿ ಪದ್ಧತಿಲೆ ಮುಗಸೂನು. ಗಾಡಿ ಹೆಣ್ಣುಮಗಳದು, ಕೊಳ್ಳಾಕಿನೂ ಹೆಣ್ಣುಮಗಳು. ನನ್ನ ಕೈ ನಡುವ ಯಾಕ? ಇಬ್ಬರೂ ಕೈ ಕೊಡ್ರಿ."

ಮೈದುನ ನಕ್ಕ. "ಕಾಕಾ, ಎತ್ತಲ್ರಿ ಇದು, ಪಿಕಪ್ಪು!"

"ಎತ್ತು ಹುಲ್ಲು ತಿಂತೈತಿ, ಇದು ಡೀಜಲ್ ಕುಡಿತೈತಿ. ದರ ಕಟ್ಟೂದ್ರಾಗ ಏನ್ ಫರಕ್?"

"ಆತಪಾ, ವೈನಿಗೂ ಒಂದು ಸಮಾಧಾನ" ಎಂದು ಆತ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಬೆಳಗಿನ ಫೋನಿನ ಮಾತನ್ನೇ ನಾನು ಬೆರಳಿನಲ್ಲಿ ಹೇಳುವೆನೆಂದು ಅವನ ನಂಬಿಕೆ. ನಮ್ಮಿಂದ ಎರಡು ಮೊಳ ದೂರದಲ್ಲಿ ಕೂತಿದ್ದ.

ಟಾವೆಲ್ಲಿನ ಕೆಳಗೆ ಆಕೆಯ ಕೈ ತಣ್ಣಗಿತ್ತು, ಜೀವವಿಲ್ಲದ ಹಾಗೆ. ಮೂರು ಬೆರಳು ಹಿಡಿದೆ. ಬಿಟ್ಟೆ. ಮತ್ತೆ ಮೂರು ಹಿಡಿದೆ. ಮೂರು ಮೂವತ್ತು. ಆಕೆಯ ಮುಖ ಅಲುಗಲಿಲ್ಲ. ಲೆಕ್ಕ ಮರೆತಿದ್ದಾಳೆಯೇ? ಈಗ "ಇದೇನ್ರಿ?" ಅಂದುಬಿಟ್ಟರೆ? ಮತ್ತೆ ಹಿಡಿದೆ. ಮೂರು... ಮೂರು. ಈಗ ಆ ಕೈ ಬೆಚ್ಚಗಾಗತೊಡಗಿತು. ಹೆಬ್ಬೆರಳು ನನ್ನ ಅಂಗೈಯನ್ನು ಒಮ್ಮೆ ಒತ್ತಿತು, ಖರೆ ಏನು ಅಂತ ಕೇಳಿದ ಹಾಗೆ. ನಾನೂ ಒತ್ತಿದೆ.

ಆಕೆ ಕಣ್ಣು ಕೆಳಗೆ ಮಾಡಿ ಕೂತಳು. ಮೈದುನ ಕೆಮ್ಮಿದ. "ಏನ್ ವೈನಿ, ಆತಲ್ಲ?"

ಆಕೆ ಟಾವೆಲ್ಲಿನ ಕೆಳಗೆ ನನ್ನ ಮೂರು ಬೆರಳು ಹಿಡಿದಳು. ಬಿಟ್ಟು, ನಾಲ್ಕು ಹಿಡಿದಳು. ಮೂರು ನಲವತ್ತು! ನಾನು ಬೆಚ್ಚಿಬಿದ್ದೆ. ಅಷ್ಟು ಹೆದರಿಕೆಯ ನಡುವೆಯೂ ನಗು ಉಕ್ಕಿ ಬಂತು, ಹಲ್ಲು ಕಚ್ಚಿ ತಡೆದೆ. ಹೋರಿ ಮಾರುವವರ ಮನೆಯ ಮಗಳು! ಆ ಬೆರಳುಗಳನ್ನು ಗಟ್ಟಿಯಾಗಿ ಅಮುಕಿದೆ. ವ್ಯವಹಾರ ಮುಗಿಯಿತು.

"ಎಷ್ಟಕ್ಕಾತು?" ಅಂದ ಮೈದುನ.

"ಟಾವೆಲ್ ಒಳಗಿಂದು ಹೊರಗ ಹೇಳೂದಿಲ್ಲ ತಮ್ಮಾ. ನಡೀರಿ ಬ್ಯಾಂಕಿಗೆ." ಆಕೆ ಸಹಿ ಹಾಕಿದ ಕಾಗದವನ್ನೂ ಕೀಲಿಯನ್ನೂ ಕಾಕಾ ತಮ್ಮ ಜೇಬಿಗೆ ಸೇರಿಸಿದರು.

ಬ್ಯಾಂಕಿನ ಬಾಕಿನ ಮೇಲೆ ನಾವು ನಾಲ್ವರೂ ಸಾಲಾಗಿ ಕೂತಿದ್ದೆವು. ಮೂರು ನಲವತ್ತು ವರ್ಗಾಯಿಸಲು ನಾನು ಬರೆದುಕೊಟ್ಟ ಚೀಟಿಯನ್ನು ಗುಮಾಸ್ತರು ನೋಡಿ ಒಳಗೆ ಕೊಟ್ಟರು. ಆಕೆಯ ಖಾತೆಗೆ ಜೋಡಿಸಿದ್ದ ಫೋನು ಸತ್ತ ಗಂಡನದು. ಅದು ಮೈದುನನ ಜೇಬಿನಲ್ಲಿತ್ತು. ನನಗೆ ಅದು ಗೊತ್ತಾದದ್ದು ಅವನ ಎದೆಯ ಮೇಲೆ ಫೋನು ಕಿಣಿಗುಟ್ಟಿದಾಗ. ಆತ ತೆಗೆದು ಓದಿದ. ಕಿವಿಯ ತನಕ ಕೆಂಪಗಾದ.

"ಕಾಕಾ! ಮಾತು ಏನಿತ್ತು, ಮಾಡಿದ್ದೇನು? ಇನ್ನ ಹುನಗುಂದದಾಗ ನಿಮಗ ಒಂದು ಗಾಲಿನೂ ಮಾರಾಕ ಬಿಡಾಂಗಿಲ್ಲ!"

ಬ್ಯಾಂಕಿನವರೆಲ್ಲ ತಿರುಗಿ ನೋಡಿದರು. ಕಾಕಾ ಸುಮ್ಮನೆ ಟಾವೆಲ್ ಮಡಚುತ್ತಿದ್ದರು, ಮಡಿಕೆ ಕೂಡಿಬರುತ್ತಿರಲಿಲ್ಲ. ಆಗ ಆಕೆ ಎದ್ದು ನಿಂತಳು. ಮೈದುನನ ಮುಂದೆ ಕೈ ಚಾಚಿದಳು.

"ಆ ಫೋನ್ ಇತ್ತ ಕೊಡ್ರಿ. ಅದು ನಮ್ಮವರದು."

ಬಹಳ ಹೊತ್ತು ಆ ಕೈ ಹಾಗೇ ಇತ್ತು. ಕೊನೆಗೆ ಅವನು ಕೊಟ್ಟ.

ವಾಪಸು ಬರುವಾಗ ಸ್ಟೇರಿಂಗು ನನ್ನ ಕೈಯಲ್ಲಿತ್ತು. ಕಾಕಾ ಪಕ್ಕದಲ್ಲಿ. ಅಮೀನಗಡ ದಾಟಿದ ಮೇಲೆ, "ನಾನಾಗೇ ಎರಡು ಕೈ ಕೂಡಿಸಿದೆ ನೋಡವಾ" ಅಂದರು, ತಮಗೇ ಆಶ್ಚರ್ಯವಾದವರಂತೆ.

ಮೈದುನ ಬಾಯಲ್ಲಿ ಅಂದದ್ದನ್ನು ಮಾಡಿಯೂ ತೋರಿಸಿದ. ಕಾಕಾ ಒಳಗಿನ ಮಾತು ಉಳಿಸುವವರಲ್ಲ ಎಂಬ ಸುದ್ದಿ ಗಾಡಿ ಮಾರುವವರ ನಡುವೆ ಹಬ್ಬಿತು. ಅವರ ಫೋನು ಬರಬರುತ್ತ ಮೌನವಾಯಿತು. ಬೆಳಿಗ್ಗೆ ನಾನು ರೊಟ್ಟಿ ಹೇರಿಕೊಂಡು ಬಾದಾಮಿಗೆ ಹೊರಡುವಾಗ ಅವರು ಬಾಗಿಲಲ್ಲಿ ಕೂತಿರುತ್ತಿದ್ದರು. ನಾನು ಕೊಡಲು ಹೋದ ದಲ್ಲಾಳಿಕಿಯ ಹಣವನ್ನು ತೆಗೆದುಕೊಳ್ಳಲಿಲ್ಲ. "ದಲ್ಲಾಳಿಕಿ ಮಾಡಿದ್ರ ಅಲ್ಲೇನು ತಗೊಳ್ಳೂದು? ಎರಡು ಬಿಸಿ ರೊಟ್ಟಿ ಕೊಟ್ಟು ಹೋಗು." ಒಮ್ಮೆ ಕೇಳಿಯೂಬಿಟ್ಟೆ, ಯಾಕ ಹಂಗ ಮಾಡಿದ್ರಿ ಕಾಕಾ, ಅಂತ. "ಗಾಡಿ ತೊಳದಿದ್ಳಲ್ಲವಾ..." ಅಂದರು.

ಅವರು ತೀರಿಕೊಂಡ ದಿನ ಹುನಗುಂದದಿಂದ ಆಕೆ ಬಂದಳು. ಇಡೀ ದಿನ ಕಾಕಿಯ ಪಕ್ಕದಲ್ಲಿ ಕೂತಿದ್ದಳು, ಕೈ ಹಿಡಿದುಕೊಂಡು.

ಪಿಕಪ್ಪಿಗೆ ಈಗ ವಯಸ್ಸಾಗಿದೆ. ಮೊನ್ನೆ ಚೊಳಚಗುಡ್ಡದ ಕಡೆಯ ಒಬ್ಬ ಹುಡುಗ ಕೇಳಿಕೊಂಡು ಬಂದ, ಬಾಳೆಕಾಯಿ ಸಾಗಿಸಲು ಬೇಕಂತೆ. ಒಳ್ಳೆಯವನೇ. ಅವನ ಫೋನಿನಲ್ಲಿ ಒಂದು ದರ, ನನ್ನ ಫೋನಿನಲ್ಲಿ ಇನ್ನೊಂದು. ಎರಡನ್ನೂ ಎದುರುಬದುರು ಹಿಡಿದು ಕೂತೆವು. ಅವನೂ ಏರಲಿಲ್ಲ, ನಾನೂ ಇಳಿಯಲಿಲ್ಲ. ಇಂಥ ಹೊತ್ತಿನಲ್ಲಿ ಒಬ್ಬರು ನಡುವೆ ಕೂತು, ಇಬ್ಬರನ್ನೂ ಬೈದು, ಚಹಾ ತರಿಸಿ, ಮಾತು ದಡ ಮುಟ್ಟಿಸಬೇಕು... ನಾನು ಒಂದೆರಡು ಸಲ ನಮ್ಮಿಬ್ಬರ ನಡುವಿನ ಖಾಲಿ ಜಾಗವನ್ನು ನೋಡಿದೆ. ಹುಡುಗನೂ ಆ ಕಡೆ ನೋಡಿದ, ಅಲ್ಲೇನಿದೆ ಎಂಬಂತೆ.

ವ್ಯವಹಾರ ಕೂಡಲಿಲ್ಲ. ಊಟದ ಹೊತ್ತಾಗಿತ್ತು, ಉಂಡು ಹೋಗಪ್ಪಾ ಅಂದೆ.