ಮೇಷ್ಟ್ರ ಬಾಯಿಗೆ ಪೆಪ್ಪರ್‌ಮಿಂಟ್

ನಾನು ಚಿಕ್ಕವನಿದ್ದಾಗ, ಮೂರನೇ ಕ್ಲಾಸಿನಲ್ಲಿ, ಒಂದು ಶನಿವಾರ ಎಂಥ ತಮಾಷೆ ನೋಡಿದೆ ಗೊತ್ತೇ? ಚಾಮರಾಜಪೇಟೆಯ ನಮ್ಮ ಶಾಲೆಯ ಮೇಷ್ಟ್ರುಗಳೆಲ್ಲ ಮಕ್ಕಳ ಬೆಂಚಿನಲ್ಲಿ, ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಮುದುಡಿ ಕುಳಿತಿದ್ದರು! ನಮಗೆ ಮಧ್ಯಾಹ್ನದಿಂದ ರಜೆ, ಅವರಿಗೆ ಪಾಠ. ಓದು ಕಲಿಸುವುದು ಹೇಗೆಂದು ಹೆಡ್‌ಮೇಡಂ ಅವರಿಗೇ ಕಲಿಸಲು ಹೊರಟಿದ್ದರು. ನನ್ನ ಅಪ್ಪ ಅಲ್ಲಿ ಲೆಕ್ಕದ ಮೇಷ್ಟ್ರು. ಅವರ ಜೊತೆ ಮನೆಗೆ ಹೋಗಲು ಕಾಯುತ್ತ ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಸೀಮೆಸುಣ್ಣದ ಪುಡಿ, ಆಗಷ್ಟೇ ಬಂದ ಕಾಫಿ, ಎರಡರ ವಾಸನೆಯೂ ಒಟ್ಟಿಗೆ ಬರುತ್ತಿತ್ತು.

"ನಂಗ್ಯಾಕೆ ಮೇಡಂ ಇದೆಲ್ಲಾ? ನಂದು ಬರೀ ಸೀಟಿ ಊದೋ ಕೆಲ್ಸ" ಎಂದರು ಡ್ರಿಲ್ ಮೇಷ್ಟ್ರು.

"ಓದೋಕೆ ಬರ್ದೇ ಇದ್ರೆ ಮಗೂಗೆ ಯಾವ ಪಾಠಾನೂ ಹತ್ತಲ್ಲ. ಇದು ಕನ್ನಡ ಮೇಷ್ಟ್ರೊಬ್ರ ಕೆಲ್ಸ ಅಲ್ಲ, ಎಲ್ರದ್ದೂ" ಎಂದ ಹೆಡ್‌ಮೇಡಂ, "ಚೆನ್ನಾಗಿ ಓದೋ ಮಗು ಒಂದನ್ನ ಕರೀರಿ, ನೋಡೋಣ" ಎಂದರು.

ಅಪ್ಪ ತಟ್ಟನೆ ಎದ್ದರು. "ನಮ್ ಹುಡ್ಗ ಇಲ್ಲೇ ಇದಾನೆ ಮೇಡಂ!"

ನಿಜ ಹೇಳಿಬಿಡುತ್ತೇನೆ ಮಕ್ಕಳೇ, ನನಗೆ ಓದಲು ಬರುತ್ತಿರಲಿಲ್ಲ. ಬಿಡಿ ಅಕ್ಷರಗಳು ಗೊತ್ತಿದ್ದವು, ಕೂಡಿಸಲು ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅಪ್ಪ ಒಂದೊಂದೇ ಸಾಲು ಓದಿ ಹೇಳುತ್ತಿದ್ದರು, ನಾನು ಗಿಳಿಯ ಹಾಗೆ ಒಪ್ಪಿಸುತ್ತಿದ್ದೆ. ಎಲ್ಲಿ ಪುಟ ತಿರುಗಿಸಬೇಕು ಎನ್ನುವುದೂ ಬಾಯಿಪಾಠವೇ! ಅಂದೂ ಸಂತೆಯ ಪಾಠವನ್ನು ಸಾಲಿನ ಕೆಳಗೆ ಬೆರಳಾಡಿಸುತ್ತ ಸರಾಗವಾಗಿ ಹೇಳಿದೆ. ಎಲ್ಲರೂ ತಲೆದೂಗಿದರು. ಅಪ್ಪನ ಮುಖ ಊರಗಲವಾಯಿತು.

ಹೆಡ್‌ಮೇಡಂ ಮಾತ್ರ ಒಂದು ರಟ್ಟಿನ ತುಂಡು ತೆಗೆದರು. ಅದರ ನಡುವೆ ಒಂದೇ ಪದ ಕಾಣುವಷ್ಟು ಕಿಂಡಿ. ಅದನ್ನು ಪುಟದ ಮೇಲಿಟ್ಟು "ಇದೇನು ಕಂದಾ?" ಎಂದರು. ಆ ಒಂಟಿ ಪದ ಯಾವುದೆಂದು ನನಗೆ ತಿಳಿಯಲಿಲ್ಲ, ಕಣ್ಣು ತುಂಬಿತು. ಎಲ್ಲರೆದುರು ಅಪ್ಪನ ಮಾನ ಕಳೆದೆನಲ್ಲ ಎಂದು ಸಂಕಟವಾಯಿತು.

ಅಪ್ಪ ಎದ್ದು ಬಂದು ನನ್ನ ಪಕ್ಕದಲ್ಲಿ ಕುಳಿತರು. "ತಪ್ಪು ಇವನ್ದಲ್ಲ ಮೇಡಂ. ಎಲ್ಲಾ ನಾನೇ ಹೇಳ್ಬಿಡ್ತಿದ್ದೆ. ಹೇಗೆ ಕಲಿಸ್ಬೇಕೋ ನಂಗೇ ಗೊತ್ತಿಲ್ಲ. ಹೇಳ್ಕೊಡಿ" ಎಂದರು. ಅಷ್ಟು ಜನರೆದುರು! ಆ ಕ್ಷಣ ಅಪ್ಪನ ಮೇಲೆ ಉಕ್ಕಿದ ಪ್ರೀತಿ ಇಂದಿಗೂ ಇಳಿದಿಲ್ಲ.

ಹೆಡ್‌ಮೇಡಂ ಡಬ್ಬಿಯಿಂದ ಅಪ್ಪನಿಗೆ ಒಂದು ಪೆಪ್ಪರ್‌ಮಿಂಟ್ ಕೊಟ್ಟರು. "ಬಾಯಿಗೆ ಹಾಕ್ಕೊಳ್ಳಿ. ಒಂದೊಂದೇ ಅಕ್ಷರ ತೋರ್ಸಿ. ಇದು ಕರಗೋ ತನಕ ತುಟಿ ಬಿಚ್ಚಬಾರ್ದು!" ಡಬ್ಬಿ ಎಲ್ಲ ಬೆಂಚುಗಳಿಗೂ ಹೋಯಿತು.

ಅಪ್ಪ ರಟ್ಟನ್ನು ಮೆಲ್ಲನೆ ಸರಿಸಿದರು. "ಬ... ದ..." ಎಂದೆ. ಮುಂದಿನ ಅಕ್ಷರಕ್ಕೆ ತಡವರಿಸಿದೆ. ಮತ್ತೆ ಮೊದಲಿನಿಂದ. ಮೇಷ್ಟ್ರುಗಳೆಲ್ಲ ಕೆನ್ನೆ ಉಬ್ಬಿಸಿಕೊಂಡು ನನ್ನನ್ನು ಮುತ್ತಿದ್ದರು. ಉತ್ತರ ಎಲ್ಲರಿಗೂ ಗೊತ್ತು, ಹೇಳುವ ಹಾಗಿಲ್ಲ! ಚಪ್ ಚಪ್ ಸದ್ದು ಬಿಟ್ಟರೆ ಬೇರೇನಿಲ್ಲ. ಅಪ್ಪನ ಹಣೆಯಲ್ಲಿ ಬೆವರು.

"ಬ... ದ... ನೆ... ಬದನೆಕಾಯಿ!"

ಡ್ರಿಲ್ ಮೇಷ್ಟ್ರು ಕೋಣೆಯೊಳಗೇ ಸೀಟಿ ಊದಿಬಿಟ್ಟರು. ಅಪ್ಪ ನನ್ನನ್ನು ಎತ್ತಿ ಗಿರ್ರನೆ ತಿರುಗಿಸಿದರು. ಮನೆಗೆ ಹೋಗುವ ದಾರಿಯಲ್ಲಿ ಒಂದೂ ಬೋರ್ಡು ಬಿಡದೆ ಓದಿದೆ. ಹತ್ತು ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯಿತು, ಅಪ್ಪ ಬಾಯಿ ಬಿಗಿಹಿಡಿದು ಪ್ರತಿ ಅಂಗಡಿಯ ಮುಂದೆಯೂ ಕಾದರು. ಸೋಮವಾರದಿಂದ ಡ್ರಿಲ್ ಮೇಷ್ಟ್ರೂ ಆಟದ ನಿಯಮಗಳನ್ನು ಹಲಗೆಯ ಮೇಲೆ ಬರೆದು ನಮ್ಮಿಂದಲೇ ಓದಿಸತೊಡಗಿದರು.

ನಿಮಗೇನು, ಈಗ ಫೋನೇ ಕಥೆ ಓದಿ ಹೇಳುತ್ತದೆ. ಆ ಫೋನಿನ ವಿದ್ಯೆಗೆ ನನಗೆ ನೀವೇ ಮೇಷ್ಟ್ರುಗಳು. ಆದರೆ ನಾನು ಒಂದು ಮೆಸೇಜು ಬರೆಯಲು ಕುಳಿತರೆ ಸಾಕು, "ಕೊಡಿ ತಾತ, ನಾನೇ ಮಾಡ್ತೀನಿ" ಎಂದು ಕಿತ್ತುಕೊಳ್ಳುತ್ತೀರಿ. ಬನ್ನಿ, ಈ ಡಬ್ಬಿಯಿಂದ ಒಂದೊಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. ಅದು ಕರಗುವಷ್ಟರಲ್ಲಿ ನನಗೂ ಬರುತ್ತದೆ.